ಬೀಜದಿಂದ ಎಬ್ಬಿಸಿದ ರಾಮ್ಸೆ ತೋಟ: ನನ್ನ ಅನುಭವ

ಪಶ್ಚಿಮ ಬಂಗಾಳದ ಕಾಲಿಂಪಾಂಗ್‌ನಿಂದ ಲಾವಾ ಕಡೆಗೆ ಏರುವ ಇಳಿಜಾರಿನಲ್ಲಿ, ಸುಮಾರು 1,700 ಮೀಟರ್ ಎತ್ತರದಲ್ಲಿರುವ ನನ್ನ ಹೆಂಡತಿಯ ತವರಿನ ದೊಡ್ಡ ಏಲಕ್ಕಿಯ (ಕಪ್ಪು ಏಲಕ್ಕಿಯ) ತೋಟಕ್ಕೆ ಹಳೆಯ ರಾಮ್ಸೆ ತಳಿಯನ್ನೇ ಮತ್ತೆ ಹಾಕುತ್ತೇನೆ, ಅದನ್ನೂ ಬುಡದಲ್ಲಿ ಒಡೆಯುವ ಕಂದಿನಿಂದಲ್ಲ, ಬೀಜದಿಂದ ಬೆಳೆಸುತ್ತೇನೆ ಎಂದಾಗ ಮನೆಯವರೇ ಒಪ್ಪಲಿಲ್ಲ. ಬೀಜದ ಗಿಡ ತಾಯಿಯಂತೆಯೇ ಬರುತ್ತದೆಂಬ ಖಾತ್ರಿಯಿಲ್ಲ, ಫಸಲೂ ತಡ ಎಂಬುದು ಮಾವನವರ ವಾದ. ಎರಡೂ ಮಾತು ನಿಜವೇ. ಆದರೆ ಕಂದಿನ ದಾರಿಯಲ್ಲಿ ನಾವು ಕಳೆದುಕೊಂಡದ್ದು ಅದಕ್ಕಿಂತ ಹೆಚ್ಚು.

ಮೊದಲ ಸಲ ಕೆಳಗಿನ ಊರೊಂದರಿಂದ ಕೊಂಡು ತಂದ ಕಂದುಗಳಿಗೆ, ಗುಂಡಿ, ಸಾಗಣೆ, ಆಳಿನ ಕೂಲಿ ಎಲ್ಲ ಸೇರಿ ಲಕ್ಷದ ಮೇಲೆಯೇ ಹೋಯಿತು. ಎರಡನೆಯ ಮಳೆಗಾಲಕ್ಕೆ ಕಾಲುಭಾಗದಷ್ಟು ಬುಡಗಳಲ್ಲಿ ಫುರ್ಕೆ ಎಂಬ ರೋಗ ಕಾಣಿಸಿತು: ಗಿಡ ಮೊಣಕಾಲೆತ್ತರಕ್ಕೆ ನಿಂತು, ಬುಡದಲ್ಲಿ ಹುಲ್ಲಿನ ಹಾಗೆ ಮೋಟು ಚಿಗುರುಗಳು ಒತ್ತಾಗಿ ಎದ್ದು, ಹೂಗೊಂಚಲು ಬರಬೇಕಾದ ಜಾಗದಲ್ಲಿ ಎಲೆಯೇ ಬಂದಿತ್ತು. ಮಿಕ್ಕ ಕೆಲವಕ್ಕೆ ಎಲೆಯ ಮೇಲೆ ಗೆರೆ ಮೂಡಿಸುವ ಛಿರ್ಕೆ ರೋಗ. ನಮ್ಮ ಮಲೆನಾಡಿನ ಏಲಕ್ಕಿಯ ಕಟ್ಟೆ ರೋಗವನ್ನು ಕಂಡವರಿಗೆ ಆ ತಿಳಿಹಳದಿ ಗೆರೆಗಳನ್ನು ವಿವರಿಸಬೇಕಿಲ್ಲ. ಎರಡೂ ವೈರಸ್ ರೋಗಗಳೇ. ಗಿಡಹೇನು ಹರಡುತ್ತದೆ, ಕಂದು ಹೊತ್ತು ತರುತ್ತದೆ, ಆದರೆ ಬೀಜದಲ್ಲಿ ದಾಟುವುದಿಲ್ಲ. ನನ್ನ ಹಟಕ್ಕೆ ಆಧಾರ ಇದೊಂದೇ.

ಹಳೆಯ ತೋಟದಿಂದ ದೂರದಲ್ಲಿ, ನಡುವೆ ಕಾಡಿನ ಒಂದು ಪಟ್ಟಿ ಇರುವಂತೆ ಒಟ್ಲು (ಸಸಿಮಡಿ) ಹಾಕಿದೆ. ಬೀಜದ ಲೋಳೆಯನ್ನು ಬೂದಿಯಲ್ಲಿ ತಿಕ್ಕಿ ತೊಳೆದು, ಶೇಕಡ 25ರ ನೈಟ್ರಿಕ್ ಆಮ್ಲದಲ್ಲಿ ಹತ್ತು ನಿಮಿಷ ಇಟ್ಟು, ಮತ್ತೆ ಚೆನ್ನಾಗಿ ತೊಳೆದು ಬಿತ್ತುವುದು ಎಲ್ಲರಿಗೂ ತಿಳಿದದ್ದೇ. ಹಾಗೆ ಮಾಡಿದರೂ ಮೊದಲ ಮಡಿಯಲ್ಲಿ ಮೊಳೆತದ್ದು ಮೂರರಲ್ಲೊಂದು. ಮಡಿಯ ಹೊದಿಕೆಯನ್ನು ಬದಲಿಸಿದ ಮೇಲೆ ಅರ್ಧಕ್ಕಿಂತ ಹೆಚ್ಚು ಬಂತು. ಆ ಹೊದಿಕೆ ಯಾವುದೆಂದು ಇಲ್ಲಿ ಬರೆಯಲಾರೆ, ಒಟ್ಲಿಗೆ ಬಂದವರಿಗೆ ತೋರಿಸುತ್ತೇನೆ. ಸೊರಗಿದ ಸಸಿಗಳನ್ನು ಚೀಲಕ್ಕೆ ಹಾಕುವ ಮೊದಲೇ ಕಿತ್ತೆಸೆದೆ. ನೆಟ್ಟ ಮೇಲೆಯೂ ರೋಗದ ಗಿಡ ಕಂಡ ದಿನವೇ ಗೆಡ್ಡೆಸಮೇತ ಕಿತ್ತು ಹೂಳುತ್ತೇನೆ. ಊರಿನಲ್ಲಿ ಇದಕ್ಕೆ ನಕ್ಕವರು ಈಗ ಸಸಿ ಕೇಳಿಕೊಂಡು ಬರುತ್ತಿದ್ದಾರೆ.

ನೆರಳಿಗೆ ಉತ್ತಿಸ್ (ಆಲ್ಡರ್) ಮರವೇ ಸಾಕು. ಬೇರಿನಲ್ಲಿ ಸಾರಜನಕ ಹಿಡಿದಿಡುವ ಮರವಾದ್ದರಿಂದ ಹೊರಗಿನ ಗೊಬ್ಬರದ ಖರ್ಚು ಅಷ್ಟಿಲ್ಲ, ಆದರೆ ಮರಗಸಿ (ಕೊಂಬೆ ಸವರಿ ನೆರಳು ತೆಳುಗೊಳಿಸುವುದು) ತಪ್ಪಿಸಿದರೆ ಹೂ ಕಡಿಮೆ. ಪರಾಗಸ್ಪರ್ಶ ಹೆಚ್ಚಲೆಂದು ತುಡುವೆ ಜೇನಿನ ಪೆಟ್ಟಿಗೆಗಳನ್ನೂ ಇಟ್ಟು ನೋಡಿದೆ. ಜೇನುತುಪ್ಪ ಸಿಕ್ಕಿತು, ಕಾಯಿ ಹೆಚ್ಚಲಿಲ್ಲ. ಈ ಹೂವಿನ ಅಳತೆಗೆ ಹೊಂದುವುದು ಗುಂಗುರು ಮೈಯ ದೊಡ್ಡ ಕಾಡುದುಂಬಿ ಮಾತ್ರ, ಅದು ಬರಬೇಕಾದರೆ ಅಂಚಿನ ಕುರುಚಲನ್ನು ಸವರದೆ ಬಿಡಬೇಕು. ಪೆಟ್ಟಿಗೆಗಳನ್ನು ಮಾರಿಬಿಟ್ಟೆ.

ಕಾಯಿ ಕೊಯ್ಲು ಅಕ್ಟೋಬರ್ ಕೊನೆಯಿಂದ. ಹಸಿ ಕಾಯಿ ನಾಲ್ಕೂವರೆ ಕಿಲೋಗೆ ಒಣಗಿದ್ದು ಒಂದು ಕಿಲೋ ಎಂದು ಲೆಕ್ಕ. ಕಾಯಿ ಒಣಗಿಸುವ ಹಳೆಯ ಭಟ್ಟಿಯಲ್ಲಿ ಹೊಗೆ ನೇರವಾಗಿ ತಾಗಿ ಕಾಯಿ ಕಪ್ಪಾಗುತ್ತಿತ್ತು. ಹೊಗೆಯನ್ನು ತಗಡಿನ ಕೊಳವೆಯೊಳಗೆ ಹಾಯಿಸಿ ಹೊರಗೆ ಬಿಟ್ಟು, ಬಿಸಿಗಾಳಿಯನ್ನಷ್ಟೇ ಮೇಲಕ್ಕೆ ಬಿಟ್ಟು, ಐವತ್ತು ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿ ಒಣಗಿಸಿದ ಮೇಲೆ ಕಾಯಿಯ ಕೆಂಗಂದು ಬಣ್ಣ ಉಳಿಯಿತು. ಸೌದೆಯೂ ಉಳಿತಾಯ. ವ್ಯಾಪಾರಿ ಕಿಲೋಗೆ ನೂರು ರೂಪಾಯಿಯಷ್ಟು ಹೆಚ್ಚು ಕೊಟ್ಟ. ತುದಿಯಲ್ಲಿ ಉಳಿದ ಒಣ ಹೂವಿನ ಬಾಲ ಕತ್ತರಿಸಿದ ಕಾಯಿಗೆ ಇನ್ನಷ್ಟು ಸಿಗುತ್ತದೆ, ಆದರೆ ಕೂಲಿ ಕಳೆದರೆ ನನಗೆ ಗಿಟ್ಟಲಿಲ್ಲ. ಮನೆಯಲ್ಲೇ ಕೈಗಳಿರುವವರು ಮಾಡಬಹುದು.

ನಾಲ್ಕನೆಯ ವರ್ಷದ ಫಸಲಿಗೆ ಒಟ್ಲಿನ ಖರ್ಚು ಹಿಂದಿರುಗಿತು. ಕೊಂಡ ಕಂದಿನ ನಷ್ಟ ಇನ್ನೂ ಪೂರ್ತಿ ತುಂಬಿಲ್ಲ. ಸಾವಿರದ ಇನ್ನೂರು ಮೀಟರಿನ ಕೆಳಗಿನ ಪಟ್ಟಿಗೂ ಇದೇ ಸಸಿ ಹಾಕಿ ಎಂದು ಈಗ ಮಾವನವರೇ ಹೇಳುತ್ತಿದ್ದಾರೆ. ನಾನು ಹಾಕುವುದಿಲ್ಲ. ಆ ಎತ್ತರಕ್ಕೆ ಇಳಿಸಿದ ರಾಮ್ಸೆಗೆ ರೋಗ ಬೇಗ ತಗಲುತ್ತದೆ, ಅಲ್ಲಿಗೆ ಸೆರೆಮ್ನಾ ತಳಿಯನ್ನು ಬರುವ ಜೂನ್‌ನಲ್ಲಿ ನೆಡುತ್ತೇನೆ, ಅದೂ ಬೀಜದ ಸಸಿಯೇ.