ಕುಮಾವೂಂನ ಚೀರ್–ಬಾಂಜ್ ಕಾಡಿನಲ್ಲಿ ಸಸ್ಯ ಸಮೀಕ್ಷೆ ಮಾಡುವ ಬಗೆ

ಉತ್ತರಾಖಂಡದ ಕುಮಾವೂಂ ಬೆಟ್ಟಗಳಲ್ಲಿ ಸುಮಾರು 1,500ರಿಂದ 2,000 ಮೀಟರ್ ಎತ್ತರದ ನಡುವೆ ಚೀರ್ ಪೈನ್ ಮತ್ತು ಬಾಂಜ್ ಓಕ್ ಮರಗಳು ಹಲವೆಡೆ ಒಂದೇ ಇಳಿಜಾರಿನಲ್ಲಿ ಬೆರೆತು ಬೆಳೆಯುತ್ತವೆ. ಇಲ್ಲಿ ಸಮೀಕ್ಷೆಗೆ ಹೊರಟವರು ಮೇಲಿನ ಕೊಂಬೆಗಳಿಗಿಂತ ಬುಡದ ಸಸಿಗಳಿಗೆ ಹೆಚ್ಚು ಹೊತ್ತು ಕೊಡಬೇಕು. ಈಗಿರುವ ದೊಡ್ಡ ಮರಗಳು ಹಲವು ದಶಕಗಳ ಹಿಂದೆ ಹುಟ್ಟಿದವು; ಇಂದಿನ ಬೆಳಕು, ಬೆಂಕಿ, ಮೇವಿನ ಕೊಯ್ಲು ಯಾವ ಜಾತಿಗೆ ಒಗ್ಗುತ್ತಿವೆ ಎಂಬುದು ಸಸಿಗಳಿಂದಲೇ ತಿಳಿಯುತ್ತದೆ.

ಮಳೆಗಾಲ ಮುಗಿದು ಹುಲ್ಲು ತೆನೆ ಬಿಟ್ಟಿರುವಾಗ ಹೋಗುವುದು ಒಳ್ಳೆಯದು, ಏಕೆಂದರೆ ತೆನೆಯಿಲ್ಲದ ಹುಲ್ಲನ್ನು ಗುರುತಿಸುವುದು ಪಳಗಿದವರಿಗೂ ಕಷ್ಟ. ಕಾಡು ವನ ಪಂಚಾಯತಿಗೆ, ಅಂದರೆ ಹಳ್ಳಿಗರೇ ಕಾಡನ್ನು ನೋಡಿಕೊಳ್ಳುವ ಸಮಿತಿಗೆ, ಸೇರಿದ್ದರೆ (ಕುಮಾವೂಂನಲ್ಲಿ 1931ರಿಂದ ಈ ವ್ಯವಸ್ಥೆಯಿದೆ) ಅದರ ಸರಪಂಚರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು.

ಮೊದಲು ದಿಕ್ಸೂಚಿಯಿಂದ ಇಳಿಜಾರಿನ ಮುಖವನ್ನು ಗುರುತಿಸಿ. ದಕ್ಷಿಣಕ್ಕೆ ಮುಖಮಾಡಿದ ಒಣ ಇಳಿಜಾರಿನಲ್ಲಿ ಚೀರ್ ಹೆಚ್ಚು. ಉತ್ತರದ ತೇವದ ಬದಿಯಲ್ಲಿ ಬಾಂಜ್, ಬುರಾಂಶ್, ಕಾಫಲ್ ಮರಗಳ ಜೊತೆ ಪಾಚಿ, ಜರಿಗಿಡಗಳೂ ಕಾಣುತ್ತವೆ. ಅನಂತರ 10 ಮೀಟರ್ ಚೌಕಗಳನ್ನು ಗುರುತುಮಾಡಿ, ಮರದ ಬುಡದಲ್ಲಿ ಇಳಿಜಾರಿನ ಮೇಲ್ಬದಿಯ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆಯಿರಿ. ಹುಲ್ಲು ಮತ್ತು ಸಣ್ಣ ಗಿಡಗಳಿಗೆ ಒಳಗೆ 1 ಮೀಟರ್ ಚೌಕಗಳು ಸಾಕು.

ಸಸಿಗಳ ಎಣಿಕೆಯಲ್ಲಿ ಆತುರ ಸಲ್ಲದು. ಕೆಳಬದಿ ಬೆಳ್ಳಗಿರುವ ಎಲೆಗಳ ಗೇಣುದ್ದದ ಬಾಂಜ್ ಗಿಡ ಕಂಡೊಡನೆ ಅದನ್ನು ಹೊಸ ಸಸಿಯೆಂದು ಬರೆಯಬಾರದು. ಬುಡದ ತರಗೆಲೆ ಸರಿಸಿ, ಮಣ್ಣನ್ನು ಬೆರಳಿನಿಂದ ತುಸು ಕೆದಕಿ ನೋಡಿ. ಒಂದೇ ತೆಳು ಕಾಂಡ ನೇರವಾಗಿ ಇಳಿದಿದ್ದರೆ ಅದು ಬಹುಮಟ್ಟಿಗೆ ಬೀಜದಿಂದ ಬಂದದ್ದು. ಗಂಟುಗಂಟಾದ ದಪ್ಪ ಬುಡದಿಂದ ಹಲವು ಕಾಂಡಗಳು ಹೊರಟಿದ್ದರೆ, ಕಬ್ಬಿನ ಕೂಳೆಯಂತೆ, ಹಳೆಯ ಬೇರಿನ ಮರುಚಿಗುರು. ಎರಡನ್ನೂ ಬೇರೆ ಅಂಕಣಗಳಲ್ಲಿ ಬರೆಯದಿದ್ದರೆ, ಹೊಸ ಸಸಿಗಳೇ ಇಲ್ಲದ ಕಾಡೂ ಕಾಗದದ ಮೇಲೆ ಸಮೃದ್ಧವಾಗಿ ಕಾಣುತ್ತದೆ.

ಬೆಂಕಿಯ ಗುರುತುಗಳನ್ನು ಚೀರ್ ಮರದ ಬುಡದಲ್ಲಿ, ಇಳಿಜಾರಿನ ಮೇಲ್ಬದಿಗೆ ಮುಖಮಾಡಿದ ಕಡೆ ಹುಡುಕಿ. ಜಾರಿ ಬರುವ ಒಣ ಸೂಜಿಎಲೆಗಳು, ಅಂದರೆ ಪಿರೂಲ್, ಅಲ್ಲಿಯೇ ತಂಗುವುದರಿಂದ ಉರಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅಂಚು ನೇರವಾಗಿದ್ದು ಕೊರೆದ ಗೆರೆಗಳಿರುವ ಗಾಯ ಬೆಂಕಿಯದಲ್ಲ, ರಾಳ ತೆಗೆದದ್ದು; ಅದೂ ಸುಟ್ಟು ಕಪ್ಪಾಗಿರಬಹುದಾದ್ದರಿಂದ ಬಣ್ಣವೊಂದನ್ನೇ ನಂಬುವಂತಿಲ್ಲ. ಪಿರೂಲ್ ಪದರದ ದಪ್ಪವನ್ನು ಉಕ್ಕಿನ ಅಳತೆಪಟ್ಟಿಯಿಂದ ನಾಲ್ಕಾರು ಕಡೆ ಅಳೆಯಿರಿ.

ಚೀರ್ ಬಂದು ಬಾಂಜನ್ನು ಓಡಿಸಿತು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಒಂದು ಮರದ ಮೇಲೆ ಇಡೀ ತಪ್ಪನ್ನು ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಮೇವು, ಸೌದೆಗಾಗಿ ಬಾಂಜ್ ಕೊಂಬೆಗಳನ್ನು ಮತ್ತೆಮತ್ತೆ ಸವರಿದಾಗ ನೆಲಕ್ಕೆ ಬಿಸಿಲು ಬೀಳುತ್ತದೆ; ಬಿಸಿಲನ್ನೇ ಬಯಸುವ, ರೆಕ್ಕೆಯುಳ್ಳ ಚೀರ್ ಬೀಜಕ್ಕೆ ಅಷ್ಟು ಸಾಕು. ಆದ್ದರಿಂದ ಪ್ರತಿ ಬಾಂಜ್ ಮರದ ಮುಂದೆ ಸವರಿದ ಕೊಂಬೆಗಳ ಪಾಲನ್ನೂ ಅಂದಾಜಿಸಿ ಬರೆಯಿರಿ. ಚೌಕದ ಮೂಲೆಗಳಿಗೆ ಕಲ್ಲು ನೆಟ್ಟು ಜಿಪಿಎಸ್ ಅಂಕಗಳನ್ನು ಗುರುತಿಟ್ಟುಕೊಂಡರೆ, ಮುಂದಿನ ಜೂನ್‌ನಲ್ಲಿ ಬೆಂಕಿಯ ಕಾಲ ಮುಗಿದ ಮೇಲೆ ಅದೇ ಸಸಿಗಳನ್ನು ಮತ್ತೆ ಎಣಿಸಬಹುದು.