ಜೇಸನ್ ಟಾಡ್ ಜಗಳ ಮತ್ತು ನನ್ನ ಕಿರ್ದಿ

ಬಾಗಲಕೋಟೆ ನವನಗರದಲ್ಲಿ ನಮ್ಮದೊಂದು ಸ್ಟೇಷನರಿ ಅಂಗಡಿ ಇದೆ. ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿದ ಮೇಲೆ ನಾವು ನಾಲ್ಕು ಜನ ಗೆಳೆಯರು ಚಾ, ಮಿರ್ಚಿ ಇಟ್ಟುಕೊಂಡು ಕೂಡುತ್ತೇವೆ. ಮಾತು ಒಂದೇ, ಸೂಪರ್‌ಹೀರೋ ಕಾಮಿಕ್ಸ್. ನಾಲ್ಕು ವರ್ಷದ ಹಿಂದೆ ಅಲ್ಲೇ ಕೂತು ನಾನೂ ನನ್ನ ಹಳೆಯ ಗೆಳೆಯನೂ ಎರಡು ತಿಂಗಳು ಮಾತು ಬಿಡುವಷ್ಟು ಜಗಳ ಆಡಿದೆವು. ಜೇಸನ್ ಟಾಡ್ ಸಲುವಾಗಿ. ಬ್ಯಾಟ್‌ಮನ್‌ಗೆ ಜೊತೆಯಾಗಿ ಹೊಡೆದಾಡುವ ಹುಡುಗನಿಗೆ ರಾಬಿನ್ ಅಂತ ಹೆಸರು. ಆ ಹೆಸರು ಹೊತ್ತ ಎರಡನೆಯವನು ಜೇಸನ್.

"ಅಂವ ಸರ್ಕಸ್‌ನ್ಯಾಗ ಬೆಳೆದ ಹುಡುಗ. ಅವ್ವ-ಅಪ್ಪ ಇಬ್ರೂ ಜೋಕಾಲಿ ಆಟದವ್ರು" ಅಂದ ಗೆಳೆಯ.

"ಇಲ್ಲಪಾ, ಅಂವ ಓಣ್ಯಾಗ ತಿರುಗೂ ಹುಡುಗ. ಬ್ಯಾಟ್‌ಮನ್ ಕಾರಿನ ಗಾಲಿ ಕದಿಯಾಕ ಹೋಗಿ ಸಿಕ್ಕಿಬಿದ್ದಾಂವ. ನೀ ಹೇಳೂದು ಮೊದಲ್ನೇ ರಾಬಿನ್ ಕಥಿ" ಅಂದೆ ನಾನು.

ಇಪ್ಪತ್ತು ವರ್ಷದಿಂದ ಓದುತ್ತಿದ್ದವನಿಗೆ ಮೊದಲ ರಾಬಿನ್ ಯಾರು, ಎರಡನೆಯವನು ಯಾರು ಅಂತ ಗೊತ್ತಿಲ್ಲ ಅಂದ ಹಾಗಾಯಿತು. ಅವನು ಚಾ ಅರ್ಧಕ್ಕೆ ಬಿಟ್ಟು ಎದ್ದು ಹೋದ.

ಇದಕ್ಕೆ ದಾರಿ ಸಿಕ್ಕಿದ್ದು ನಮ್ಮ ಮನೆಯಲ್ಲೇ. ಹಳೇ ಬಾಗಲಕೋಟೆಯ ದೊಡ್ಡ ಭಾಗ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆ ಆಗಿದ್ದು ನಿಮಗೆ ಗೊತ್ತು. ಅಲ್ಲಿ ನಮ್ಮ ಅಂಗಡಿ ಎಲ್ಲಿತ್ತು ಅಂತ ಅಪ್ಪನಿಗೂ ಕಾಕಾನಿಗೂ ಒಂದು ರಾತ್ರಿ ವಾದ ಹತ್ತಿತು. ಗುಡಿ ಎದುರಿಗೆ ಅಂತ ಅಪ್ಪ, ಓಣಿಯ ತಿರುವಿನಲ್ಲಿ ಅಂತ ಕಾಕಾ. ಊಟ ಮಾಡುತ್ತಿದ್ದ ಆಯಿ ಕೇಳಿದಳು: "ಇಬ್ರೂ ಯಾವ ವರ್ಷದ ಮಾತ ಆಡಾಕತ್ತೀರಿ? ಮೊದ್ಲ ಗುಡಿ ಮುಂದ ಇತ್ತು. ಆಮ್ಯಾಲೆ ನಿಮ್ಮಪ್ಪ ತಿರುವಿನ್ಯಾಗ ಹಿಡಿದ."

ಇಬ್ಬರೂ ಸುಮ್ಮನಾದರು. ನನಗೆ ಜೇಸನ್ ನೆನಪಾದ.

ಆ ವಾರವೆಲ್ಲ ಟ್ಯಾಬ್ಲೆಟ್‌ನಲ್ಲಿ ಹಳೆಯ ಸಂಚಿಕೆ ತೆಗೆದು ಓದಿದೆ. ಜೇಸನ್ ಮೊದಲು ಬಂದದ್ದು 1983ರಲ್ಲಿ, 'ಬ್ಯಾಟ್‌ಮನ್' 357ನೇ ಸಂಚಿಕೆಯಲ್ಲಿ. ಆಗ ಅವನು ನಿಜಕ್ಕೂ ಸರ್ಕಸ್ ಹುಡುಗನೇ. ಆಮೇಲೆ 1985–86ರಲ್ಲಿ 'ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್' ಅನ್ನುವ 12 ಸಂಚಿಕೆಗಳ ಕಥೆ ಬಂತು. ಬ್ಯಾಟ್‌ಮನ್ ಕಾಮಿಕ್ಸ್ ತರುವ ಡಿಸಿ ಕಂಪನಿ, ತನ್ನ ಕಥೆಗಳು ನಡೆಯುತ್ತಿದ್ದ ಬೇರೆ ಬೇರೆ ಭೂಮಿಗಳನ್ನು ಒಂದೇ ಮಾಡಿ, ಎಷ್ಟೋ ಹೀರೋಗಳ ಹಿನ್ನೆಲೆಯನ್ನು ಹೊಸದಾಗಿ ಬರೆಸಿತು. 1987ರ 408ನೇ ಸಂಚಿಕೆಯಲ್ಲಿ ಜೇಸನ್ ಗಾಲಿ ಕದಿಯುವ ಹುಡುಗನಾದ. ಗೆಳೆಯ ಓದಿದ್ದು ಮೊದಲಿನದು, ನಾನು ಓದಿದ್ದು ನಂತರದ್ದು. ಎರಡನ್ನೂ ತೆಗೆದುಕೊಂಡು ಅವನ ಮನೆಗೆ ಹೋದೆ. ತಪ್ಪಾಯಿತು ಅಂದೆ. ಅವನಿಗೂ 408 ಗೊತ್ತಿರಲಿಲ್ಲ. ಅವತ್ತು ರಾತ್ರಿ ಅಲ್ಲೇ ರೊಟ್ಟಿ ಉಂಡು ಬಂದೆ.

ಮರುದಿನ ಅಂಗಡಿಯಿಂದ ಉದ್ದನೆಯ ಒಂದು ಕಿರ್ದಿ ಪುಸ್ತಕ ತೆಗೆದೆ. ಕಿರ್ದಿ ಬರೆಯುವುದನ್ನು ಅಪ್ಪ ಕಲಿಸಿದ್ದರು. ಬರೆದದ್ದನ್ನು ಅಳಿಸುವ ಹಾಗಿಲ್ಲ. ತಪ್ಪಿದ್ದರೆ ಮುಂದೆ ಇನ್ನೊಂದು ನಮೂದು ಹಾಕಿ ಸರಿ ಮಾಡಬೇಕು. ಕಾಮಿಕ್ಸ್‌ಗೂ ಅದನ್ನೇ ಇಟ್ಟುಕೊಂಡೆ. ಎಡಗಡೆ ಸಂಗತಿ, ಸಂಚಿಕೆ ಸಂಖ್ಯೆ, ವರ್ಷ, ಬರೆದವರು. ಬಲಗಡೆ ಅದು ಮುಂದೆ ಯಾವ ಸಂಚಿಕೆಯಲ್ಲಿ ಬದಲಾಯಿತು ಅಂತ. ನಾವೇ ಊಹೆ ಮಾಡಿದ್ದನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಇದು ಬಹಳ ಮುಖ್ಯ. ಹತ್ತು ಸಲ ಹೇಳಿದ ಊಹೆ ಓದಿದ ಹಾಗೇ ನೆನಪಾಗುತ್ತದೆ. ವರ್ಷ ಬರೆಯುವಾಗಲೂ ಸ್ವಲ್ಪ ಹುಷಾರಾಗಿರಬೇಕು. ಮುಖಪುಟದ ಮೇಲಿನ ತಿಂಗಳು ಸಾಮಾನ್ಯವಾಗಿ ಪುಸ್ತಕ ಮಾರಾಟಕ್ಕೆ ಬಂದ ತಿಂಗಳಿಗಿಂತ ಮುಂದಿರುತ್ತದೆ.

ಸಿನಿಮಾಕ್ಕೆ ಬೇರೆ ಪುಸ್ತಕ. ಐರನ್ ಮ್ಯಾನ್ ಆಗುವ ಟೋನಿ ಸ್ಟಾರ್ಕ್ ಸೆರೆಸಿಕ್ಕಿದ್ದು ಅಫ್ಘಾನಿಸ್ತಾನದಲ್ಲಿ ಅಂತ ಹುಡುಗರು ಹೇಳುತ್ತಾರೆ. ಅದು 2008ರ ಸಿನಿಮಾ. 1963ರ ಕಾಮಿಕ್ಸ್‌ನಲ್ಲಿ ಅದು ವಿಯೆಟ್ನಾಂ. ವರ್ಷ ಕಳೆದರೂ ಹೀರೋಗಳಿಗೆ ವಯಸ್ಸಾಗಬಾರದಲ್ವಾ? ಅದಕ್ಕೇ ಅವನ ಕಾಮಿಕ್ಸ್ ತರುವ ಮಾರ್ವೆಲ್ ಕಂಪನಿ 2019ರಲ್ಲಿ ಸಿಯಾನ್‌ಕಾಂಗ್ ಅನ್ನುವ ಕಲ್ಪನೆಯ ದೇಶದ ಯುದ್ಧವೊಂದನ್ನು ತಂದು ವಿಯೆಟ್ನಾಂ ಜಾಗದಲ್ಲಿ ಇಟ್ಟಿತು.

ನನ್ನ ಕಿರ್ದಿಯಲ್ಲಿ ನನಗೆ ಬಹಳ ಇಷ್ಟವಾದ ಪುಟ ಕ್ಯಾಪ್ಟನ್ ಅಮೆರಿಕಾದು. 1964ರ 'ಅವೆಂಜರ್ಸ್' 4ನೇ ಸಂಚಿಕೆ ಅವನು ಎರಡನೇ ಮಹಾಯುದ್ಧದ ಕೊನೆಯಿಂದ ಮಂಜುಗಡ್ಡೆಯಲ್ಲಿ ಹೂತಿದ್ದ ಅಂತ ಹೇಳಿತು. ಆದರೆ 1953–54ರಲ್ಲಿ ಅದೇ ಕ್ಯಾಪ್ಟನ್ ಕಮ್ಯುನಿಸ್ಟರ ಜೊತೆ ಹೊಡೆದಾಡುವ ಕಥೆಗಳು ಬಂದಿದ್ದವು. ಮಂಜಿನಲ್ಲಿ ಇದ್ದವನು ಇಲ್ಲಿ ಹೇಗೆ ಬಂದ? ಆ ಹಳೆಯ ಕಥೆಗಳನ್ನು ಸುಮ್ನೆ ಮರೆತುಬಿಡಬಹುದಿತ್ತು. 1972ರಲ್ಲಿ ಕಥೆ ಬರೆಯುತ್ತಿದ್ದ ಸ್ಟೀವ್ ಎಂಗಲ್‌ಹಾರ್ಟ್ ಹಾಗೆ ಮಾಡಲಿಲ್ಲ. ಐವತ್ತರ ದಶಕದಲ್ಲಿದ್ದವನು ಬೇರೆಯವನು ಅಂತ ಬರೆದರು. ಅವನೊಬ್ಬ ಅಭಿಮಾನಿ. ಕ್ಯಾಪ್ಟನ್ ಮೇಲಿನ ಪ್ರೀತಿಗೆ ಅವನದೇ ಮುಖ ಮಾಡಿಸಿಕೊಂಡು, ಅವನದೇ ಹೆಸರು ಇಟ್ಟುಕೊಂಡು, ಕೊನೆಗೆ ತಲೆ ಕೆಟ್ಟವನು. 'ಕ್ಯಾಪ್ಟನ್ ಅಮೆರಿಕಾ' 153ರಿಂದ 156ನೇ ಸಂಚಿಕೆವರೆಗೆ ನಿಜವಾದ ಕ್ಯಾಪ್ಟನ್ ಅವನೆದುರು ನಿಲ್ಲುತ್ತಾನೆ. ಹಳೆಯ ಒಂದು ಸಾಲನ್ನೂ ಅಳಿಸದೆ ಲೆಕ್ಕ ಸರಿ ಮಾಡಿದರು. ಅದರಿಂದ ಕಥೆಗೆ ಹೊಸ ನೋವೂ ಬಂತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಲ್ಲ ತಿದ್ದುಪಡಿಯೂ ಇಷ್ಟು ಚೆಂದ ಇರುವುದಿಲ್ಲ. ಜೇಸನ್‌ನನ್ನು 1988ರಲ್ಲಿ ಓದುಗರೇ ಫೋನ್ ಮಾಡಿ ಸಾಯಿಸಿದರು. ಸಾಯಲಿ ಅಂದ ಮತ 5,343, ಬದುಕಲಿ ಅಂದ ಮತ 5,271. ಬರೀ 72 ಮತದ ಅಂತರ. 2005ರಲ್ಲಿ ಅವನು ತಿರುಗಿ ಬಂದ. ಸೂಪರ್‌ಬಾಯ್-ಪ್ರೈಮ್ ಅನ್ನುವವನು ಲೋಕದ ಗೋಡೆಗೆ ಗುದ್ದಿದ್ದಕ್ಕೆ ಜೇಸನ್ ಎದ್ದ ಅಂತ ಕಾರಣ ಕೊಟ್ಟರು. ಕಿರ್ದಿಯಲ್ಲಿ ಬರೆದುಕೊಂಡಿದ್ದೇನೆ, ಮನಸ್ಸು ಒಪ್ಪಿಲ್ಲ.

ಸ್ಪೈಡರ್‌ಮ್ಯಾನ್ ಮದುವೆ ವಿಷಯದಲ್ಲಿ ಗೆಳೆಯನಿಗೂ ನನಗೂ ಇನ್ನೂ ಹೊಂದಿಲ್ಲ. ಸ್ಪೈಡರ್‌ಮ್ಯಾನ್ ಆಗಿರುವ ಪೀಟರ್ ಮತ್ತು ಮೇರಿ ಜೇನ್ 1987ರಲ್ಲಿ ಮದುವೆಯಾದರು. 2007ರ ಕಥೆಯಲ್ಲಿ ಪೀಟರ್‌ನನ್ನು ಸಾಕಿದ ದೊಡ್ಡಮ್ಮ ಮೇಯ ಜೀವ ಉಳಿಸಲು ಇಬ್ಬರೂ ಮೆಫಿಸ್ಟೋ ಅನ್ನುವ ಸೈತಾನನಿಗೆ ಒಪ್ಪಿ, ಆ ಮದುವೆಯೇ ಆಗಿಲ್ಲ ಅನ್ನುವ ಹಾಗಾಯಿತು. "ಹಂಗಾರ ಅದನ್ನ ಹೊಡೆದು ಹಾಕು" ಅಂತಾನೆ ಗೆಳೆಯ. ನಾನು ಹಾಕಿಲ್ಲ. ಇಪ್ಪತ್ತು ವರ್ಷ ಓದುಗರು ಅವರ ಸಂಸಾರ ನೋಡಿದ್ದಾರೆ. 1987ರ ಸಾಲು ಅಲ್ಲೇ ಇದೆ. ಬಲಗಡೆ 2007 ಅಂತ ಬರೆದಿದ್ದೇನೆ, ಅಷ್ಟೇ.

ಈಗ ಹಾಕ್‌ಮ್ಯಾನ್ ಹಿಡಿದಿದ್ದೇವೆ. 1940ರಲ್ಲಿ ಅವನು ಈಜಿಪ್ಟಿನ ರಾಜಕುಮಾರನ ಮರುಜನ್ಮ. 1961ರಲ್ಲಿ ಥನಗರ್ ಗ್ರಹದ ಪೊಲೀಸ್. 1989ರ ನಂತರ ಅವನು ಭೂಮಿಗೆ ಈಗಷ್ಟೇ ಬಂದವನು ಅಂತಾಯಿತು. ಹಾಗಿದ್ದರೆ ಅದಕ್ಕೂ ಮೊದಲು ಜಸ್ಟಿಸ್ ಲೀಗ್ ಅನ್ನುವ ಹೀರೋಗಳ ತಂಡದಲ್ಲಿ ಇದ್ದವನು ಯಾರು? 1994ರಲ್ಲಿ ಎಲ್ಲರನ್ನೂ ಸೇರಿಸಿ ಒಬ್ಬನನ್ನೇ ಮಾಡಿ ನೋಡಿದರು. ಗೋಜಲು ಇನ್ನೂ ಜಾಸ್ತಿ ಆಯಿತು. ನಾಲ್ಕು ಪುಟ ತುಂಬಿದೆ. ಹೋದ ಭಾನುವಾರ ಗೆಳೆಯ ಐದನೇ ಪುಟಕ್ಕೆ ತಾನೇ ಸ್ಕೇಲ್ ಹಿಡಿದು ಗೆರೆ ಹಾಕಿದ.