ಗೆಳೆಯ ಸಂಖ್ಯೆಗಳನ್ನು ಹುಡುಕುವ ಬಗೆ

ಒಂದು ಸಂಖ್ಯೆಯ ಅಪವರ್ತನಗಳನ್ನೆಲ್ಲ ಕೂಡಿ, ಬಂದ ಮೊತ್ತವನ್ನು ಅದೇ ಸಂಖ್ಯೆಯಿಂದ ಭಾಗಿಸಿ. 6ಕ್ಕೆ 12/6 = 2, 28ಕ್ಕೆ 56/28 = 2. ಹೀಗೆ ಅನುಪಾತ ಒಂದೇ ಬಂದರೆ ಅವು ಗೆಳೆಯ ಸಂಖ್ಯೆಗಳು. ತನ್ನನ್ನು ಬಿಟ್ಟು ಉಳಿದ ಅಪವರ್ತನಗಳ ಮೊತ್ತ ಇನ್ನೊಂದನ್ನೇ ಕೊಡುವ 220–284ರ ಜೋಡಿಯ ಕಥೆ ಬೇರೆ: ಅಲ್ಲಿ ಮೊತ್ತ ಎರಡಕ್ಕೂ 504, ಅನುಪಾತ ಒಂದೇ ಅಲ್ಲ.

ಅಪವರ್ತನಗಳನ್ನು ಪಟ್ಟಿ ಮಾಡಿ ಕೂಡಲು ಹೋದರೆ 1 ಅಥವಾ ಆ ಸಂಖ್ಯೆಯೇ ಬಿಟ್ಟುಹೋಗುವುದುಂಟು. ಅವಿಭಾಜ್ಯಗಳಾಗಿ ಒಡೆಯುವುದೇ ಮೇಲು. 140 = 4 × 5 × 7 (ಎರಡು 2ಗಳನ್ನು ಒಟ್ಟಿಗೇ 4 ಎಂದು ಇಡಿ). 4ಕ್ಕೆ 1+2+4 = 7, 5ಕ್ಕೆ 6, 7ಕ್ಕೆ 8. ಗುಣಿಸಿದರೆ 336; 336/140 = 12/5. 30ಕ್ಕೆ 3 × 4 × 6 = 72; 72/30 ಕೂಡ 12/5. 140ನ್ನು 2 × 70 ಎಂದು ಒಡೆದು ಗುಣಿಸಿದರೆ 3 × 144 = 432 ಬರುತ್ತದೆ, ತಪ್ಪು; 2 ಎರಡೂ ಕಡೆ ಇದೆಯಲ್ಲ.

ದಶಮಾಂಶವನ್ನು ನಂಬಬೇಡಿ. 12 (28/12) ಮತ್ತು 234 (546/234) ಎರಡಕ್ಕೂ ಕ್ಯಾಲ್ಕುಲೇಟರ್ 2.3333 ತೋರಿಸುತ್ತದೆ, ಅದು ಪುರಾವೆಯಲ್ಲ. ಅಡ್ಡ ಗುಣಾಕಾರ ಮಾಡಿ: 28 × 234 = 6552, 546 × 12 = 6552. ಈಗ ಖಾತ್ರಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಗಣಿತಜ್ಞ ಕಾಪ್ರೇಕರ್ ಅವರ 6174ನ್ನು (ನಾಲ್ಕು ಅಂಕೆಗಳನ್ನು ಇಳಿಕೆ, ಏರಿಕೆ ಕ್ರಮದಲ್ಲಿ ಬರೆದು ಕಳೆಯುತ್ತ ಹೋದರೆ ಸಿಗುವ ಸಂಖ್ಯೆ) ಕಾಗದದ ಮೇಲೆ ಕಳೆದು ನೋಡಿದ ನಮ್ಮ ಪುಣೆ ಕನ್ನಡ ಮಕ್ಕಳಿಗೆ ಈ ಕೈಲೆಕ್ಕ ಕಷ್ಟವಾಗದು.

ಒಂದು ಜೋಡಿ ಸಿಕ್ಕರೆ ಮುಂದಿನವನ್ನು ನಾವೇ ಕಟ್ಟಬಹುದು. 6 ಮತ್ತು 28ನ್ನು 2, 3, 7 ಯಾವುದೂ ಅಪವರ್ತನವಾಗಿ ಇಲ್ಲದ ಸಂಖ್ಯೆಯಿಂದ ಗುಣಿಸಿ: 5ರಿಂದ 30–140, 11ರಿಂದ 66–308. 3ರಿಂದ ಗುಣಿಸಿದರೆ 18ಕ್ಕೆ 13/6, 84ಕ್ಕೆ 8/3, ಗೆಳೆತನ ಮುರಿಯಿತು.

ಹುಡುಕುವ ಮೊದಲು ಸಂಖ್ಯೆಯ ಮತ್ತು ಅದರ ಮೊತ್ತದ ಮ.ಸಾ.ಅ. ನೋಡಿ (ಮಹತ್ತಮ ಸಾಮಾನ್ಯ ಅಪವರ್ತನ; ಮರಾಠಿ ಶಾಲೆಯಲ್ಲಿ ಓದುವವರಿಗೆ ಇದು ಮಸಾವಿ). ಅದು 1 ಆದರೆ ಆ ಸಂಖ್ಯೆ ಒಂಟಿ, ಅಂದರೆ ಅದಕ್ಕೆ ಗೆಳೆಯನೇ ಇಲ್ಲ. ಭಿನ್ನರಾಶಿ ಇನ್ನು ಸಂಕ್ಷೇಪವಾಗದ ಕಾರಣ, ಗೆಳೆಯ ಇದ್ದರೆ ಅದು ಈ ಸಂಖ್ಯೆಯ ಗುಣಕವೇ ಆಗಿರಬೇಕು. ಆದರೆ ದೊಡ್ಡ ಗುಣಕದ ಅನುಪಾತ ಯಾವಾಗಲೂ ಹೆಚ್ಚು. ಹಾಗಾಗಿ ಅವಿಭಾಜ್ಯಗಳೆಲ್ಲ ಒಂಟಿ. ಮ.ಸಾ.ಅ. 1ಕ್ಕಿಂತ ಹೆಚ್ಚಿದ್ದರೆ ಮಾತ್ರ ಈ ಪರೀಕ್ಷೆ ಏನೂ ಹೇಳುವುದಿಲ್ಲ: 18ರದ್ದು 3, ಆದರೂ 18 ಒಂಟಿ. ಹತ್ತಿರದಲ್ಲಿ ಸಿಗಲಿಲ್ಲವೆಂದು ಕೈಬಿಡಲೂ ಬೇಡಿ; 24ರ ಅತಿ ಚಿಕ್ಕ ಗೆಳೆಯ 9,19,63,648.

10ರ ಅನುಪಾತ 9/5. ಅದಕ್ಕೆ ಗೆಳೆಯ ಇದೆಯೋ ಇಲ್ಲವೋ ಇನ್ನೂ ಇತ್ಯರ್ಥವಾಗಿಲ್ಲ. ಇದ್ದರೆ ಅದು 5ರ ಗುಣಕ. ಸಮಸಂಖ್ಯೆಯಾದರೆ 10ರ ಗುಣಕವಾಗಿ ಅನುಪಾತ ಮೀರುತ್ತದೆ, ಆದ್ದರಿಂದ ಬೆಸ. ಆಗ ಮೊತ್ತವೂ ಬೆಸ. ಬೆಸ ಸಂಖ್ಯೆಗಳಲ್ಲಿ ವರ್ಗಗಳಿಗೆ ಮಾತ್ರ ಹಾಗಾಗುತ್ತದೆ. ಕಂಪ್ಯೂಟರಿನಲ್ಲಿ ಹುಡುಕುವವರು 5, 15, 25, 35... ಇವುಗಳ ವರ್ಗಗಳನ್ನಷ್ಟೇ ಪರೀಕ್ಷಿಸಿದರೆ ಸಾಕು.